ಪರದೆಯ ಮೇಲೆ ಕಂಕುಳ ಗೆರೆ

ಲ್ಯಾಪ್‌ಟಾಪ್ ಮನೆಗೆ ಬಂದ ಸಂಜೆ, ಊಟಕ್ಕೆ ತಟ್ಟೆ ಇಡುವ ಮೊದಲು ಸೊಸೆ ನಿಯಮ ಓದಿದಳು. ಉಳಿದ ನಾಲ್ಕು ಜನ ಕೈಕಟ್ಟಿ ಕೇಳಿದರು.

"ಒದ್ದೆ ಕೈಯಲ್ಲಿ ಮುಟ್ಟಬಾರದು. ಎಣ್ಣೆ ಕೈ ಅಂತೂ ಹತ್ತಿರಾನೇ ಬರಬಾರದು. ಉಂಗುರ ಹಾಕ್ಕೊಂಡು ಸ್ಕ್ರೀನ್ ಮುಟ್ಟಬಾರದು, ಉಗುರು ತಾಗಿಸಬಾರದು. ಪೆನ್ನು, ಪೆನ್ಸಿಲ್ಲು, ಕೈವಾರ, ಸೂಜಿ, ಕತ್ತರಿ ಯಾವುದೂ ಪಕ್ಕದಲ್ಲಿ ಇರಬಾರದು. ಮುಚ್ಚೋ ಮುಂಚೆ ಕೀಲಿಗಳ ಮೇಲೆ ಏನಾದ್ರೂ ಬಿದ್ದಿದೆಯಾ ನೋಡ್ಬೇಕು, ಒಂದು ರಬ್ಬರ್ ಚೂರು ಸಾಕು ಗೀರು ಬೀಳೋಕೆ. ಒರೆಸೋದು ಈ ಹಳದಿ ಬಟ್ಟೇಲಿ ಮಾತ್ರ. ಸ್ಕ್ರೀನ್ ಮೇಲೆ ಅಂಟಿಸಿರೋ ಪ್ಲಾಸ್ಟಿಕ್ ಗಾರ್ಡ್ ಕೀಳಬಾರದು, ಅದನ್ನ ಆಫೀಸಿನವರೇ ತೆಗೀತಾರೆ."

"ಇದೇನು ಕಂಪ್ಯೂಟರ್ರೋ ಹಸಿಗೂಸೋ?" ಎಂದರು ಅತ್ತೆ, ಬೇಳೆಯ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ.

"ಹಸಿಗೂಸಾದ್ರೆ ಅತ್ತು ಹೇಳುತ್ತೆ ಅತ್ತೆ. ಇದು ಹೇಳಲ್ಲ."

"ಸರಿ, ಈ ಕೂಸನ್ನ ಎಲ್ಲಿ ಮಲಗಿಸ್ತೀಯ? ಇರೋದು ಒಂದೇ ಮೇಜು. ನನಗೆ ಊಟ ಬಡಿಸ್ಬೇಕು."

ಕೊನೆಗೆ ಆದ ತೀರ್ಮಾನ ಇದು: ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬೀರುವಿನ ಮೇಲೆ, ಉಳಿದ ಹೊತ್ತು ಮೇಜಿನ ಮೇಲೆ. ಮಗ, ಅಂದರೆ ಸೊಸೆಯ ಗಂಡ, ಲಿಫ್ಟ್ ರಿಪೇರಿ ಮಾಡುವವನು. "ದಿನಕ್ಕೆ ಮೂರು ಸಲ ಮೇಲೆ, ಮೂರು ಸಲ ಕೆಳಗೆ. ನನ್ನ ಕೆಲಸ ಮನೆಗೂ ಬಂತು" ಎಂದ. ಯಾರೂ ನಗಲಿಲ್ಲ.

ಸೊಸೆಗೆ ನಗುವ ಸ್ಥಿತಿ ಇರಲಿಲ್ಲ. ಒಂಬತ್ತು ವರ್ಷ ಅವಳು ಬಟ್ಟೆ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಉಳಿದ ದಾರ ಕತ್ತರಿಸಿದ್ದಳು, ಬಿಟ್ಟುಹೋದ ಹೊಲಿಗೆಗೆ ಕೆಂಪು ಅಂಟುಪಟ್ಟಿ ಹಚ್ಚಿದ್ದಳು. ಒಂದು ವರ್ಷ ಸಂಜೆ ತರಗತಿಗೆ ಹೋಗಿ ಕಂಪ್ಯೂಟರಿನಲ್ಲಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬಿಡಿಸುವುದನ್ನು ಕಲಿತು, ಈಗ ಪ್ಯಾಟರ್ನ್ ರೂಮಿಗೆ ಬಂದಿದ್ದಳು. ಅದೂ ಮೂರು ತಿಂಗಳ ಪರೀಕ್ಷೆಯ ಮೇಲೆ. ಅಲ್ಲಿ ಕುರ್ಚಿಗಿಂತ ಜನ ಹೆಚ್ಚು. ಹಾಗಾಗಿ ಹೊಸಬರು ವಾರಕ್ಕೆ ಮೂರು ದಿನ ಮನೆಯಲ್ಲಿ ಕುಳಿತು ಬಿಡಿಸಬೇಕು. ಮೂರು ತಿಂಗಳಾದ ಮೇಲೆ ಕೆಲಸವನ್ನೂ ನೋಡುತ್ತಾರೆ, ಯಂತ್ರವನ್ನೂ ನೋಡುತ್ತಾರೆ. ಹಿಂದಿನ ಸಲ ಒಬ್ಬ ಹುಡುಗಿ ಪರದೆಗೆ ಗೀರು ಮಾಡಿಕೊಂಡು ಹೋದಳಂತೆ. ಮಾರನೆಯ ದಿನ ಅವಳು ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದಳಂತೆ. ಈ ಕಥೆಯನ್ನು ಸೊಸೆ ಒಂದೇ ವಾರದಲ್ಲಿ ನಾಲ್ಕು ಸಲ ಹೇಳಿದಳು.

ನಾಲ್ಕು ಸಲವೂ ಗಮನವಿಟ್ಟು ಕೇಳಿದವರು ಮಾವ ಒಬ್ಬರೇ. ಎಪ್ಪತ್ತೊಂದು ವರ್ಷದ ಅವರು ನಲವತ್ತೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ತರಕಾರಿಯವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವರು 'ಮಾಸ್ಟರು'. ಸಿಟ್ಟು ಬಂದಾಗ ಹೆಂಡತಿಗೂ 'ಮಾಸ್ಟರು'. ಮಗನಿಗೆ ಅಪ್ಪ, ಸೊಸೆಗೆ ಮಾವ. ಈ ಭೂಮಿಯ ಮೇಲೆ ಅವರನ್ನು 'ತಾತ' ಎಂದು ಕರೆಯುವ ಜೀವ ಒಂದೇ ಒಂದು. ಅದು ಹನ್ನೊಂದು ವರ್ಷದ ಮೊಮ್ಮಗಳು. ಹುಟ್ಟಿದಾಗಿನಿಂದ ಮೇಲಿನ ಸ್ವರದಲ್ಲೇ ಮಾತಾಡುವವಳಾದ್ದರಿಂದ ಮನೆಯವರು ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು.

ಆ ಮೇಜು ಮಾಸ್ಟರದೇ. ಕಾರ್ಖಾನೆ ಬಿಡುವಾಗ ಬೇರೇನೂ ಬೇಡ ಎಂದು ತಮ್ಮ ಕಟಿಂಗ್ ಟೇಬಲ್ಲನ್ನು ಕೇಳಿ ತಂದಿದ್ದರು. ಮೇಜಿನ ಮೈತುಂಬ ಸಿಡುಬಿನ ಕಲೆಯ ಹಾಗೆ ಚುಕ್ಕಿಗಳಿದ್ದವು. ಹೆಂಡತಿ ಅದರ ಮೇಲೆ ಹೂವಿನ ಚಿತ್ರದ ದಪ್ಪ ಪ್ಲಾಸ್ಟಿಕ್ ಹಾಸನ್ನು ಹೊದಿಸಿ, ಅಂಚನ್ನು ಮೊಳೆ ಹೊಡೆದ ಹಾಗೆ ಬಿಗಿದು, "ಬಂದವರು ಇದರ ಮುಖ ನೋಡೋದು ಬೇಡ" ಎಂದಿದ್ದರು. ನಾಲ್ಕು ವರ್ಷದಿಂದ ಯಾರೂ ನೋಡಿರಲಿಲ್ಲ.

ಸೊಸೆಗೆ ಸಿಕ್ಕ ಮೊದಲ ಕೆಲಸ ಆಸ್ಪತ್ರೆಯ ಸಹಾಯಕರು ತೊಡುವ ಕೋಟು. ಅವಳು ಬಿಡಿಸಿ ಕಳಿಸಿದಳು. ಕಾರ್ಖಾನೆಯಲ್ಲಿ ಕತ್ತರಿಸಿದರು, ಹೊಲಿದರು, ಗೇಟಿನ ಕಾವಲುಗಾರನಿಗೆ ತೊಡಿಸಿ ನೋಡಿದರು, ವಾಪಸ್ ಕಳಿಸಿದರು.

"ಏನಂತೆ?" ಎಂದ ಗಂಡ, ಬ್ರೆಡ್ಡಿನ ಮೇಲೆ ಮೊಟ್ಟೆ ಇಟ್ಟುಕೊಳ್ಳುತ್ತ.

"ಕೈ ಮೇಲೆತ್ತಿದ್ರೆ ಕೋಟು ಪೂರ್ತಿ ಜೊತೇಲೇ ಮೇಲೆ ಬರುತ್ತಂತೆ. ಹೊಟ್ಟೆ ಕಾಣುತ್ತಂತೆ."

"ಅದು ಕೋಟಲ್ಲ ಕಣೆ, ಲಿಫ್ಟು."

"ನಗ್ಬೇಡಿ. ಕಂಕುಳಲ್ಲಿ ಬಿಗಿ ಆಗಿರ್ಬೇಕು. ಆರ್ಮ್‌ಹೋಲನ್ನ ಅರ್ಧ ಇಂಚು ಕೆಳಗೆ ಇಳಿಸ್ತೀನಿ. ಕೈಗೆ ಜಾಗ ಸಿಗುತ್ತೆ."

ಮಾಸ್ಟರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಕಂಕುಳ ಸುತ್ತನ್ನು ಕೆಳಗೆ ಇಳಿಸಿದಷ್ಟೂ ತೋಳು ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ. ಮೇಲಕ್ಕೇರಿಸಿ, ಕಂಕುಳಿಗೆ ಹತ್ತಿರ ತಂದರೆ ಕೈ ಸಲೀಸಾಗಿ ಏಳುತ್ತದೆ, ಕೋಟು ತನ್ನ ಜಾಗದಲ್ಲೇ ಇರುತ್ತದೆ. ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಮಾಸ್ಟರಿಗೂ ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಗೇ ಅನ್ನಿಸಿತ್ತು, ಅದಕ್ಕೆ ಆರು ಡಜನ್ ಅಂಗಿ ಹಾಳಾಗಿದ್ದವು.

ಅವರು ನೀರು ಕುಡಿದು, "ತೋರಿಸಮ್ಮಾ, ನಾನೂ ಒಂದು ಸಲ ನೋಡ್ತೀನಿ" ಎಂದರು.

ಸೊಸೆ ಒಳ್ಳೆಯ ಮಾತಿನಲ್ಲೇ ಹೇಳಿದಳು. "ಇದು ಬೇರೆ ತರ ಮಾವ. ನಿಮ್ಮ ಕಾಲದ ಸೀಮೆಸುಣ್ಣ, ಸ್ಕೇಲು ಇದರಲ್ಲಿಲ್ಲ. ಅಳತೆ ಕೊಟ್ರೆ ಅದೇ ನೋಡ್ಕೊಳ್ಳುತ್ತೆ."

"ಹೌದಾ, ಸರಿ" ಎಂದು ಮಾಸ್ಟರು ತಟ್ಟೆಯ ಕಡೆ ತಿರುಗಿದರು. ಅವರಿಗೆ ಬೇಜಾರಾಯಿತು. ಆದರೆ ಅವರ ಹೆಂಡತಿಯನ್ನು ಬಿಟ್ಟು ಅದು ಯಾರಿಗೂ ಗೊತ್ತಾಗಲಿಲ್ಲ. ಹೆಂಡತಿ ಕೇಳದೆಯೇ ಇನ್ನೊಂದು ಮೊಟ್ಟೆ ಬಡಿಸಿದರು.

ಎರಡನೆಯ ಕೋಟೂ ವಾಪಸ್ ಬಂತು. ಈ ಸಲ ಇನ್ನೂ ಮೇಲಕ್ಕೇರಿತ್ತಂತೆ. ಸೊಸೆ ಇನ್ನೂ ಕಾಲು ಇಂಚು ಇಳಿಸಿದಳು. ಅಡುಗೆಮನೆಗೆ ಹೋಗುವಾಗ, ಬರುವಾಗ, ಔಷಧಿಗೆ ನೀರು ತರುವಾಗ ಮಾಸ್ಟರು ಓರೆಗಣ್ಣಿನಲ್ಲಿ ಪರದೆ ನೋಡುತ್ತಿದ್ದರು. ಗೆರೆ ದಿನದಿಂದ ದಿನಕ್ಕೆ ಸೊಂಟದ ಕಡೆ ಇಳಿಯುತ್ತಿತ್ತು.

ಐದನೆಯ ವಾರ ಒಂದು ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಪಿಟೀಲಿಗೆ ಹೊಟ್ಟೆನೋವಂತೆ, ಬಂದು ಕರೆದುಕೊಂಡು ಹೋಗಬೇಕಂತೆ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಮಾಸ್ಟರ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು, ಅದರಲ್ಲಿ ಕೋಟಿನ ಮುಂಭಾಗ ಇತ್ತು.

ಮಾಸ್ಟರು ಮುಂದೆ ಮಾಡಿದ್ದೆಲ್ಲ ನಿಯಮದ ಪ್ರಕಾರವೇ ಮಾಡಿದರು. ಕೈ ತೊಳೆದರು. ಒರೆಸಿ ಒಣಗಿಸಿದರು. ಸೋಪು ಹಚ್ಚಿ ಉಂಗುರ ತೆಗೆದು ಕಿಟಕಿಯ ಮೇಲೆ ಇಟ್ಟರು. ಉಗುರು ನೋಡಿಕೊಂಡರು, ಕತ್ತರಿಸಿದ್ದವು. ಮೊದಲು ಅಳತೆ ಟೇಪನ್ನು ಪರದೆಗೆ ತಾಗದಂತೆ ಹಿಡಿದರು. ಎದೆಯ ಅಗಲ ಮೂರೂಕಾಲು ಇಂಚು ಬಂತು. 'ಇದೇನು, ಗೊಂಬೆಗೆ ಹೊಲಿಯೋ ಕೋಟೇ?' ಎಂದುಕೊಂಡರು. ಆಮೇಲೆ ಚಿತ್ರವನ್ನು ಚಿಕ್ಕದು ಮಾಡಿ ಇಟ್ಟಿದ್ದಾಳೆ ಎಂದು ಹೊಳೆಯಿತು. ಅಳತೆ ಏನೇ ಇರಲಿ, ಆಕಾರ ಆಕಾರವೇ.

ತಮ್ಮ ಹಳೆಯ ಬಿಸ್ಕತ್ ಡಬ್ಬದಿಂದ ಅರೆಪಾರದರ್ಶಕ ಕಾಗದ ತೆಗೆದರು. ಪಕ್ಕದ ಕೋಣೆಗೆ ಹೋಗಿ, ಪೆನ್ಸಿಲ್ಲನ್ನು ಪರದೆಯಿಂದ ಹತ್ತು ಅಡಿ ದೂರ ಇಟ್ಟುಕೊಂಡು, ಕಣ್ಣಂದಾಜಿನಲ್ಲೇ ಅದೇ ಅಳತೆಯ ಮುಂಭಾಗ ಬಿಡಿಸಿದರು. ಕಂಕುಳ ಗೆರೆಯನ್ನು ಮಾತ್ರ ಎಲ್ಲಿರಬೇಕೋ ಅಲ್ಲಿಗೆ ಏರಿಸಿದರು. ತಂದು ಪರದೆಯ ಮೇಲೆ ಹಿಡಿದರೆ ಭುಜಕ್ಕೆ ಭುಜ, ಪಕ್ಕಕ್ಕೆ ಪಕ್ಕ ಕೂತಿತು. ಕೆಳಗಿನಿಂದ ಬೆಳಕು ಕಾಗದದೊಳಗೆ ಹಾದು ಬರುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಇಂಥ ಒಂದು ಬೆಳಕಿನ ಮೇಜು ತಮಗೆ ಯಾರೂ ಕೊಡಲಿಲ್ಲವಲ್ಲ ಎಂದು ಅವರಿಗೆ ಹೊಟ್ಟೆಕಿಚ್ಚಾಯಿತು.

ಈಗ ಕಾಗದದ ಮೇಲಿನ ಗೆರೆಯನ್ನು ಅಡಿಯ ಪರದೆಗೆ ಇಳಿಸಬೇಕು. ಕಾಗದದಿಂದ ಬಟ್ಟೆಗೆ ಗೆರೆ ಇಳಿಸುವ ಸಾಧನ ಜಗತ್ತಿನಲ್ಲಿ ಒಂದೇ ಅವರಿಗೆ ಗೊತ್ತಿದ್ದದ್ದು. ಮರದ ಹಿಡಿಯ ತುದಿಯಲ್ಲಿ ಸುತ್ತಲೂ ಹಲ್ಲಿರುವ ಪುಟ್ಟ ಉಕ್ಕಿನ ಚಕ್ರ. ಕಾಗದದ ಮೇಲೆ ಒತ್ತಿ ಉರುಳಿಸಿದರೆ ಕೆಳಗಿನ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗೆರೆ ಮೂಡುತ್ತದೆ. ಸೊಸೆ ಈ ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಗೆರೆ ಮೂಡುವುದನ್ನು ಅವರು ಕಣ್ಣಾರೆ ಕಂಡಿದ್ದರು. ಮುಟ್ಟಿದರೆ ಮೂಡುವುದಾದರೆ ಚಕ್ರ ಉರುಳಿಸಿದರೂ ಮೂಡಬೇಕು. ಸೊಸೆ ಬಂದು ನೋಡಿದಾಗ ಗೆರೆ ತನ್ನಷ್ಟಕ್ಕೆ ಸರಿಯಾಗಿರುತ್ತದೆ. ಕಂಪ್ಯೂಟರೇ ಸರಿ ಮಾಡಿತು ಅಂದುಕೊಳ್ಳುತ್ತಾಳೆ, ಅಂದುಕೊಳ್ಳಲಿ. ನಿಷೇಧದ ಪಟ್ಟಿಯಲ್ಲಿ ಪೆನ್ನು, ಪೆನ್ಸಿಲ್ಲು, ಕೈವಾರ, ಸೂಜಿ, ಕತ್ತರಿ ಇದ್ದವು. ಚಕ್ರದ ಹೆಸರು ಇರಲಿಲ್ಲ.

ಚಕ್ರವನ್ನು ಒತ್ತಿ ಉರುಳಿಸಿದರು, ಕಿರ್ರೆಂದು ಸದ್ದಾಯಿತು. ಕಾಗದ ಎತ್ತಿದರು. ಗೆರೆ ಇಳಿದಿತ್ತು! ಒಂದೊಂದು ಚುಕ್ಕಿಯೂ ಮಿಣ್ಣಗೆ ಹೊಳೆಯುತ್ತಿತ್ತು. ಮಾಸ್ಟರಿಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ನಿಂತು ನೋಡುತ್ತಲೇ ಇದ್ದರು. ಹಾಗೆ ನೋಡುತ್ತಿರುವಾಗಲೇ, ಯಾರೂ ಮುಟ್ಟದೆ ಬಹಳ ಹೊತ್ತಾದ್ದರಿಂದ ಪರದೆ ತಾನಾಗಿ ಕಪ್ಪಾಯಿತು. ಕೋಟು ಹೋಯಿತು. ಗೆರೆ ಹೋಗಲಿಲ್ಲ.

ಮಾಸ್ಟರು ಹಳದಿ ಬಟ್ಟೆಯಲ್ಲಿ ಒರೆಸಿದರು. ಮತ್ತೆ ಒರೆಸಿದರು. ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಸದ್ದಾಯಿತು. ಕಾಗದ ಹರಿದು ಜೇಬಿಗೆ ತುರುಕಿಕೊಂಡರು, ಚಕ್ರ ಡಬ್ಬಕ್ಕೆ ಹೋಯಿತು. ಸೊಸೆ ಮಗುವಿನೊಂದಿಗೆ ಒಳಗೆ ಬರುವಾಗ ಮಾಸ್ಟರು ಮಂಚದ ಮೇಲೆ ಕುಳಿತು ಹಿಂದಿನ ದಿನದ ಪತ್ರಿಕೆ ಓದುತ್ತಿದ್ದರು.

ಸಂಜೆ ಸೊಸೆ ಚೀರಿದ್ದು ಪಕ್ಕದ ಮನೆಗೂ ಕೇಳಿಸಿತು.

"ಯಾರು ಮಾಡಿದ್ದು ಇದನ್ನ? ಯಾರು?"

ಎಲ್ಲರೂ ಬಂದು ಬಗ್ಗಿ ನೋಡಿದರು. ಸಣ್ಣ ಸಣ್ಣ ಗುಳಿಗಳ ಬಾಗಿದ ಸಾಲು, ಎಡಗಡೆ ಮೇಲಿನಿಂದ ನಡುವಿನವರೆಗೆ. ಮಗ ಬೆರಳಾಡಿಸಿ, "ಚೂಪಾದ್ದರಲ್ಲಿ ಚುಚ್ಚಿದ್ದಾರೆ" ಎಂದ. ಅವನ ಕಣ್ಣು ತಾನಾಗಿ ಪಿಟೀಲಿನ ಚೀಲದ ಕಡೆ ಹೋಯಿತು. ಚೀಲದಿಂದ ಹೊರಗೆ ಇಣುಕುತ್ತಿದ್ದದ್ದು ಕೈವಾರ.

"ನಾನಲ್ಲ!" ಎಂದಳು ಪಿಟೀಲು.

"ಹೋದ ವಾರ ತಾನೇ ಇದೇ ಕೈವಾರದಲ್ಲಿ ಬಾಗಿಲ ಮೇಲೆ ಹೂವು ಕೆತ್ತಿದ್ದು ಯಾರು?"

"ಅದು ನಾನೇ. ಇದು ನಾನಲ್ಲ."

"ಹೊಟ್ಟೆನೋವು ಅಂತ ಬಂದು ಮಲಗಿದ್ಯಲ್ಲ, ನಾನು ನಿನಗೆ ಗಂಜಿ ಕಾಯಿಸೋವಾಗ ಎದ್ದು ಏನ್ ಮಾಡ್ತಿದ್ದೆ?" ಎಂದಳು ತಾಯಿ.

"ಏನೂ ಇಲ್ಲ! ಮಲಗೇ ಇದ್ದೆ! ಅಜ್ಜೀನ ಕೇಳು!"

ಅಜ್ಜಿ ಪರದೆಯ ಮೇಲೆ ಬಗ್ಗಿದವರು ಹಾಗೇ ಇದ್ದರು. ಆಮೇಲೆ ನಿಧಾನವಾಗಿ ನೆಟ್ಟಗಾಗಿ, ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಅವತ್ತು ರಾತ್ರಿಯೂಟಕ್ಕೆ ಪಾತ್ರೆಗಳು ಯಾವತ್ತಿಗಿಂತ ಜೋರಾಗಿ ಸದ್ದು ಮಾಡಿದವು.

ಕೈವಾರ ಮಗನ ಬೀರುವಿಗೆ ಹೋಯಿತು. ಪಿಟೀಲು ಶಾಲೆಗೆ ಕೈವಾರವಿಲ್ಲದೆ ಹೋಗಿ ಬೈಸಿಕೊಂಡು ಬಂದಳು. ಭಾನುವಾರ ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆ ಚಿತ್ರ ಬಿಡಿಸಲು ಇದ್ದ ಅನುಮತಿಯೂ ಹೋಯಿತು. ಸೊಸೆ ಗಾರ್ಡ್ ಕಿತ್ತು ನೋಡಲು ಹೆದರಿದಳು, ಕೀಳಬಾರದೆಂದು ಸಹಿ ಹಾಕಿದ್ದಳು. ಗುಳಿ ಮೇಲಿನ ಹಾಳೆಗಷ್ಟೇ ಬಿದ್ದಿದೆಯೋ, ಕೆಳಗಿನ ಗಾಜಿಗೂ ಇಳಿದಿದೆಯೋ ಎಂದು ತಪಾಸಣೆಯ ದಿನದವರೆಗೆ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಆ ಗೆರೆ ಮನೆಯಲ್ಲಿ ಎಲ್ಲರ ಮೇಲೂ ಬಿತ್ತು. ವೀಡಿಯೊ ಮೀಟಿಂಗಿನಲ್ಲಿ ಪ್ಯಾಟರ್ನ್ ರೂಮಿನ ಮೇಡಂ ಮುಖದ ಮೇಲೆ ಕಿವಿಯಿಂದ ಮೂಗಿನವರೆಗೆ ಬಿತ್ತು. ಮಗ ಆಟ ನೋಡಲು ಕುಳಿತರೆ ಆಟಗಾರರು ಅದನ್ನು ದಾಟಿಕೊಂಡು ಓಡಿದರು. ಸೊಸೆ ಕೋಟಿನ ಮುಂದೆ ಕುಳಿತು ಕತ್ತು ಆ ಕಡೆ ಈ ಕಡೆ ಓರೆ ಮಾಡಿ, ಚುಕ್ಕಿ ತಪ್ಪಿಸಿ, ಅವುಗಳ ಕೆಳಗೆ ತನ್ನ ಗೆರೆ ಎಳೆಯುತ್ತಿದ್ದಳು. "ಈ ದರಿದ್ರ ಗೆರೆ ಇರೋವರೆಗೆ ನನಗೆ ಏನೂ ಸರಿಯಾಗಿ ಕಾಣಲ್ಲ" ಎನ್ನುತ್ತಿದ್ದಳು. ಮೂರನೆಯ ಕೋಟೂ ವಾಪಸ್ ಬಂತು.

ಪಿಟೀಲು ತಾಯಿಯೊಡನೆ ಮಾತು ಬಿಟ್ಟಳು. ತಂದೆಗೆ ಹೂಂ, ಉಹೂಂ ಎಂದಷ್ಟೇ. ಒಂದು ಸಂಜೆ ಬಂದು ಮಾಸ್ಟರ ಪಕ್ಕ ಮಂಚದ ಮೇಲೆ ಕುಳಿತು, ಅವರ ಹೆಗಲಿಗೆ ಮುಖ ಒತ್ತಿ ಅತ್ತಳು.

"ತಾತ, ನೀವಾದ್ರೂ ನಂಬ್ತೀರಾ?"

"ನಂಬ್ತೀನಿ ಕಂದ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ಅಮ್ಮಂಗೆ ಹೇಳಿ. ನೀವು ಹೇಳಿದ್ರೆ ಕೇಳ್ತಾಳೆ."

"ಹೇಳ್ತೀನಿ."

ಹೇಳಲಿಲ್ಲ. ಅವರಿಗೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದಷ್ಟೂ ಬಾಯಿಗೆ ಬೀಗ ಬೀಳುತ್ತಿತ್ತು. ಮೊದಲ ದಿನ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಹೇಳಬೇಕು. ಕಾರ್ಖಾನೆಯಲ್ಲಿ ತಪ್ಪು ಕತ್ತರಿಸಿ ಬಾಯಿ ಮುಚ್ಚಿಕೊಂಡ ಹುಡುಗರನ್ನು ಅವರೇ ಸಾಲಾಗಿ ನಿಲ್ಲಿಸಿ ಬೈದಿದ್ದರು.

ಎಂಟನೆಯ ವಾರ, ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯಲು ಕುಳಿತಾಗ ಹೆಂಡತಿ ಮಾತು ತೆಗೆದರು.

"ನಲವತ್ತು ವರ್ಷ ನೀವು ಮನೆಗೆ ಕೆಲಸ ತಂದು ಆ ಚಕ್ರ ಉರುಳಿಸಿದ್ದೀರಿ, ನಾನು ಅದೇ ಸದ್ದು ಕೇಳ್ಕೊಂಡು ಅಡುಗೆ ಮಾಡಿದ್ದೀನಿ. ಅದರ ಹೆಜ್ಜೆ ನನಗೆ ಗೊತ್ತಾಗಲ್ವಾ?"

ಮಾಸ್ಟರು ಒಂದೇ ಆಲೂಗಡ್ಡೆಯನ್ನು ಕೆತ್ತುತ್ತಲೇ ಹೋದರು.

"ಅದು ಗೋಲಿಯಾಗ್ತಾ ಇದೆ, ಬಿಡಿ ಅದನ್ನ" ಎಂದು ಹೆಂಡತಿ ಕಿತ್ತುಕೊಂಡರು. "ನಾನು ಯಾರಿಗೂ ಹೇಳಲ್ಲ. ನಿಮ್ಮ ಬಾಯಿಂದಾನೇ ಬರ್ಲಿ ಅಂತ ಮೂರು ವಾರದಿಂದ ಕಾಯ್ತಾ ಇದ್ದೀನಿ. ಆ ಮಗು ತಟ್ಟೇಲಿ ಅನ್ನ ಬಿಟ್ಟು ಏಳುತ್ತೆ. ನೀವು ಎರಡನೇ ಸಲ ಹಾಕಿಸ್ಕೊಂಡು ಊಟ ಮಾಡ್ತೀರಿ."

"ಹೇಳ್ತೀನಿ ಕಣೆ."

"ಯಾವಾಗ, ಮಾಸ್ಟರೇ?"

ಮಾಸ್ಟರು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡರು. ಮಾರನೆಯ ದಿನ ಹೆಂಡತಿ ಮೇಜಿನ ಪ್ಲಾಸ್ಟಿಕ್ ಹಾಸನ್ನು ಕಿತ್ತು, ತೊಳೆದು, ಮಹಡಿಯ ಮೇಲೆ ಒಣಹಾಕಿದರು. ನಾಲ್ಕು ವರ್ಷದಲ್ಲಿ ಆ ಹಾಸು ಒಂದು ದಿನವೂ ಮೇಜು ಬಿಟ್ಟು ಎದ್ದದ್ದಿಲ್ಲ. ಜಿಡ್ಡಾಗಿತ್ತು ಎಂದರು. ಸಂಜೆ ಅದು ಒಣಗಿತ್ತು. ತರಲಿಲ್ಲ.

ಬರೀ ಮೇಜಿನ ಮೇಲೆ ಐದು ತಟ್ಟೆ ಬಿದ್ದವು. ಅನ್ನ, ಬೇಳೆ, ಆಲೂಗಡ್ಡೆ. ಮಗ ಲಿಫ್ಟಿನಲ್ಲಿ ಸಿಕ್ಕಿಕೊಂಡ ದಪ್ಪ ಮನುಷ್ಯನೊಬ್ಬನ ಕಥೆ ಹೇಳುತ್ತಿದ್ದ. ಸೊಸೆ ಕೇಳುತ್ತಿರಲಿಲ್ಲ. ಪಿಟೀಲು ಅನ್ನದಲ್ಲಿ ಕೈಯಾಡಿಸುತ್ತ, ಇನ್ನೊಂದು ಕೈಯನ್ನು ತಟ್ಟೆಯ ಪಕ್ಕದಲ್ಲಿ ಮೇಜಿನ ಮೇಲೆ ಆಡಿಸುತ್ತಿದ್ದಳು. ಬೆರಳಿಗೆ ಏನೋ ತಾಗಿತು. ತಟ್ಟೆ ಸರಿಸಿದಳು. ಮರದಲ್ಲಿ ಸಣ್ಣ ಸಣ್ಣ ಗುಳಿಗಳ ಬಾಗಿದ ಸಾಲು. ಅದರ ಪಕ್ಕ ಇನ್ನೊಂದು, ಅದರ ಮೇಲೆ ಮತ್ತೊಂದು, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನೂರಾರು. ಒಂದು ಸಾಲಿನ ಗುಂಟ ಅವಳ ಬೆರಳು ನಿಧಾನವಾಗಿ ಹೋಗಿ ಕೊನೆಯಲ್ಲಿ ನಿಂತಿತು. ಅವಳು ತಲೆ ಎತ್ತಿ ತಾತನನ್ನು ನೋಡಿದಳು.

"ನಾನೇ ಮಾಡಿದ್ದು" ಎಂದರು ಮಾಸ್ಟರು.

ಮಗ ತನ್ನ ಕಥೆ ನಿಲ್ಲಿಸಿದ. "ಏನನ್ನ ಅಪ್ಪಾ?"

"ಲ್ಯಾಪ್‌ಟಾಪಿನ ಮೇಲಿನ ಗೆರೆ. ಟ್ರೇಸಿಂಗ್ ಚಕ್ರದಲ್ಲಿ. ಮಗೂದು ಏನೂ ತಪ್ಪಿಲ್ಲ. ಅವತ್ತು ಅವಳು ಬರೋಕೆ ಮುಂಚೇನೇ ಆಗಿತ್ತು."

ಮಗನಿಗೆ ಮೊದಲು ನಗು ಬಂತು, ತನ್ನ ಹೆಂಡತಿಯ ಮುಖ ನೋಡಿ ಅದನ್ನು ನುಂಗಿದ. ಸೊಸೆಯ ಕೈ ತಟ್ಟೆಯಲ್ಲೇ ಇತ್ತು.

"ಮೂರು ವಾರ ಮಾವ" ಎಂದಳು. "ಮೂರು ವಾರ ಮಗು ಮೇಲೆ ಕೂಗಾಡಿದ್ದೀನಿ ನಾನು. ನೀವು ಅಲ್ಲೇ ಕೂತಿರ್ತಿದ್ರಿ."

"ಹೌದಮ್ಮ."

"ಕೇಳ್ಕೊಂಡು."

"ಹೌದು."

ಸೊಸೆ ಎದ್ದು ಕೈ ತೊಳೆದು ಬಂದು ಪಿಟೀಲಿನ ಮುಂದೆ ಕುಳಿತಳು. "ತಪ್ಪಾಯ್ತು ಕಣೆ. ನಿನ್ನ ನಂಬಬೇಕಿತ್ತು." ಪಿಟೀಲು ತಾಯಿಯ ಕೊರಳಿಗೆ ಬಿದ್ದು ಗಟ್ಟಿಯಾಗಿ ಅತ್ತಳು, ಮೇಲಿನ ಸ್ವರದಲ್ಲಿ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಮಾಸ್ಟರ ಕಡೆ ತಿರುಗಿದಳು.

"ನಿಮ್ಮ ಹೆಗಲ ಮೇಲೆ ಅತ್ತೆನಲ್ಲ, ಆವಾಗ ಹೇಳ್ಬಹುದಿತ್ತು."

ಮಾಸ್ಟರು ಅವಳ ಕಡೆ ಕೈ ಚಾಚಿದರು.

"ಈಗ್ಲೂ ನಾನು ನೋಡಿದ ಮೇಲೆ ಹೇಳಿದ್ರಿ" ಎಂದು ಪಿಟೀಲು ಎದ್ದು ಒಳಗೆ ಹೋದಳು.

ತಟ್ಟೆಗಳು ಹಾಗೇ ಇದ್ದವು. ಸೊಸೆ, ಸಿಟ್ಟು ಇಳಿಯದ ದನಿಯಲ್ಲೇ, "ಅದು ಏನ್ ಗೆರೆ ಅದು? ಸುಮ್ನೆ ಯಾರೂ ಚಕ್ರ ಉರುಳಿಸಲ್ಲ" ಎಂದಳು.

"ಕಂಕುಳ ಸುತ್ತು. ನಿನ್ನ ಕೋಟಿಂದು. ಒಳಗೆ ಇಳಿಯುತ್ತೆ ಅಂದ್ಕೊಂಡೆ."

"ಎಲ್ಲಿಗೆ?"

"ಕಂಪ್ಯೂಟರಿಗೆ."

ಸೊಸೆ ಅವರನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಬೀರುವಿನ ಮೇಲಿಂದ ಲ್ಯಾಪ್‌ಟಾಪ್ ಇಳಿಸಿ, ತಟ್ಟೆಗಳನ್ನು ಮೊಣಕೈಯಿಂದ ದೂಡಿ, ಎಂಜಲು ಮೇಜಿನ ಮೇಲೇ ಇಟ್ಟು ತೆರೆದಳು. ನಿಯಮ ಬರೆದಿದ್ದವಳು ಅವಳೇ. ಯಾರೂ ಜ್ಞಾಪಿಸಲಿಲ್ಲ. ಕೋಟಿನ ಮುಂಭಾಗವನ್ನು ತಂದಳು. ಎರಡು ಬೆರಳಿನಿಂದ ಹಿಗ್ಗಿಸಿದಳು, ಕುಗ್ಗಿಸಿದಳು, ಪಕ್ಕಕ್ಕೆ ತಳ್ಳಿದಳು. ಒಂದು ಕಡೆ ಭುಜಕ್ಕೆ ಭುಜ, ಪಕ್ಕಕ್ಕೆ ಪಕ್ಕ ಕೂತಿತು. ಚುಕ್ಕಿಗೆರೆ ಅವಳ ಗೆರೆಗಿಂತ ಬಹಳ ಮೇಲೆ ನಿಂತಿತ್ತು.

"ಇಷ್ಟು ಮೇಲಾ? ಬಿಗಿಯಾಗಲ್ವಾ?"

"ಬಿಗಿಯಾದ್ರೇನೇ ಸಡಿಲ. ನೋಡಿಲ್ಲಿ." ಮಾಸ್ಟರು ಎದ್ದು ನಿಂತು, ತಮ್ಮ ಅಂಗಿಯನ್ನು ಕಂಕುಳ ಹತ್ತಿರ ಮೇಲಕ್ಕೆ ಹಿಡಿದುಕೊಂಡು ಕೈ ಎತ್ತಿದರು. ಅಂಗಿಯ ಅಂಚು ಕದಲಲಿಲ್ಲ. ಬಿಟ್ಟು, ಕೆಳಕ್ಕೆ ಜಗ್ಗಿ ಹಿಡಿದು ಎತ್ತಿದರು. ಅಂಗಿ ಹೊಟ್ಟೆಯ ಮೇಲಕ್ಕೆ ಬಂತು.

ಸೊಸೆ ಪರದೆ ನೋಡಿದಳು, ಅವರ ಹೊಟ್ಟೆ ನೋಡಿದಳು, ಮತ್ತೆ ಪರದೆ ನೋಡಿದಳು. ಮೂರು ವಾರ ಅವಳು ಕತ್ತು ಓರೆ ಮಾಡಿ ತಪ್ಪಿಸಿ ತಪ್ಪಿಸಿ ನೋಡಿದ ಗೆರೆಯೇ ಅವಳಿಗೆ ಬೇಕಾಗಿದ್ದ ಗೆರೆ.

"ಅವತ್ತು ತೋರಿಸು ಅಂದ್ರಿ" ಎಂದಳು. "ತೋರಿಸ್ಬೇಕಿತ್ತು." ತೋರುಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಚುಕ್ಕಿಗಳ ಮೇಲೇ ನಿಧಾನವಾಗಿ ಎಳೆದಳು. ಬೆರಳಿನ ಹಿಂದೆ ಕಪ್ಪು ಗೆರೆ ಮೂಡುತ್ತ ಬಂತು.

"ಇನ್ನಾದ್ರೂ ಊಟ ಮಾಡ್ತೀರೋ ಇಲ್ವೋ?" ಎಂದರು ಅತ್ತೆ. "ಬೇಳೆ ಆರಿ ಗಟ್ಟಿಯಾಯ್ತು."

ನಾಲ್ಕನೆಯ ಕೋಟು ವಾಪಸ್ ಬರಲಿಲ್ಲ. ಕಾವಲುಗಾರನಿಗೆ ತೊಡಿಸಿ ಕೈ ಎತ್ತಿಸಿದರಂತೆ, ಇಳಿಸಿದರಂತೆ, ಗೇಟಿನ ಮೇಲಿನ ದೀಪ ಮುಟ್ಟಿಸಿದರಂತೆ. ಕೋಟು ಕದಲಲಿಲ್ಲ. ಮೇಡಂ, "ಯಾರು ಹೇಳ್ಕೊಟ್ರು?" ಎಂದು ಕೇಳಿದರಂತೆ. "ನಮ್ಮ ಮಾಸ್ಟರು" ಎಂದಳಂತೆ ಸೊಸೆ.

ಮೂರು ತಿಂಗಳು ತುಂಬಿದ ದಿನ ಆಫೀಸಿನವನೊಬ್ಬ ಅವಳ ಎದುರಿಗೇ ಗಾರ್ಡಿನ ಮೂಲೆ ಎತ್ತಿ ಎಳೆದ. ಆ ಒಂದು ನಿಮಿಷ ತಾನು ಉಸಿರಾಡಲಿಲ್ಲ ಎಂದು ಅವಳು ಮನೆಗೆ ಬಂದು ಹೇಳಿದಳು. ಕೆಳಗಿನ ಗಾಜು ತೊಳೆದಿಟ್ಟ ಹಾಗಿತ್ತು. ಚುಕ್ಕಿಗಳೆಲ್ಲ ಹಾಳೆಯ ಜೊತೆ ಎದ್ದು ಬಂದವು. ಆತ ಹೊಸ ಗಾರ್ಡ್ ಅಂಟಿಸಿದ, ಹಳೆಯದನ್ನು ಬುಟ್ಟಿಗೆ ಎಸೆದ. ಸೊಸೆ ಅದನ್ನು ಬುಟ್ಟಿಯಿಂದ ತೆಗೆದು ಸುರುಳಿ ಸುತ್ತಿ ಮನೆಗೆ ತಂದಳು. ಈಗ ಅದು ಮೇಜಿನ ಹತ್ತಿರ ಗೋಡೆಯ ಮೇಲೆ, ಮಾಸ್ಟರ ಹಳೆಯ ಮರದ ಅಳತೆಪಟ್ಟಿಯ ಪಕ್ಕ ಮೊಳೆಗೆ ನೇತಾಡುತ್ತಿದೆ. ಪ್ಯಾಟರ್ನ್ ರೂಮಿನಲ್ಲಿ ಅವಳ ಕೆಲಸ ಖಾಯಂ ಆಯಿತು. ನಿಯಮದ ಪಟ್ಟಿಗೆ ಕತ್ತರಿಯ ಪಕ್ಕದಲ್ಲಿ ಚಕ್ರದ ಹೆಸರು ಸೇರಿತು. ಬರೆದವಳು ಪಿಟೀಲು. ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಅವಳು ಮಾಸ್ಟರೊಡನೆ ಮಾತು ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಔಷಧಿಯ ಹೊತ್ತಾದರೆ ನೀರು ತಂದುಕೊಡುತ್ತಿದ್ದಳು. ಬದಲಾದದ್ದು ಒಂದೇ ಒಂದು ಪದ. ಅದನ್ನು ಗಮನಿಸಲು ಮಾಸ್ಟರಿಗೆ ಎರಡು ದಿನ ಬೇಕಾಯಿತು, ಗಮನಿಸಿದ ಮೇಲೆ ಬೇರೇನೂ ಕಿವಿಗೆ ಬೀಳದ ಹಾಗಾಯಿತು.

ಸೋಮವಾರ ಬೆಳಗ್ಗೆ ಮೇಜಿನಿಂದ ಸೊಸೆ ಕೂಗಿದಳು. "ಮಾಸ್ಟರ್, ಈ ಕಾಲರ್ ಒಂಚೂರು ನೋಡಿ ಬನ್ನಿ." ಈಗೀಗ ಅವಳು ಅವರನ್ನು ಹಾಗೇ ಕರೆಯುತ್ತಾಳೆ. ಮೊದಲ ಸಲ ಕರೆದಾಗ ಅವರಿಗೆ ಕಣ್ಣು ತುಂಬಿ ಬಂದಿತ್ತು.

ಅವರು ಎದ್ದರು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಇನ್ನೊಂದು ದನಿ ಬಂತು, ಮೇಲಿನ ಸ್ವರದ್ದು.

"ಮಾಸ್ಟರ್, ಗುಂಡಿ ಕಿತ್ತೋಗಿದೆ. ಶಾಲೆಗೆ ಹೊತ್ತಾಯ್ತು."

ಅವರು ಮೊದಲು ಬಾಗಿಲಿಗೆ ಹೋದರು. ಪಿಟೀಲು ಅಂಗಿಯ ತೋಳನ್ನು ಮುಂದೆ ಚಾಚಿ ನಿಂತಿದ್ದಳು. ಅವರು ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸಿ, ನಾಲ್ಕು ತೂತಿಗೂ ಎರಡೆರಡು ಸಲ ಹಾಯಿಸಿ, ಗಂಟು ಹಾಕಿ, ದಾರ ಕತ್ತರಿಸಿದರು. ಎಳೆದು ನೋಡಿದರು. ಗುಂಡಿ ಗಟ್ಟಿಯಾಗಿತ್ತು.

"ಸಾಕಾ ಕಂದ?"

"ಸಾಕು. ಥ್ಯಾಂಕ್ಸ್ ಮಾಸ್ಟರ್" ಎಂದು ಪಿಟೀಲು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.